ಬೀಳು ಹೊಲಕ್ಕೆ ಮೊದಲು ಸಾಲ ಬಿತ್ತಬೇಡಿ

(ರಾಂಪುರದಲ್ಲಿ ರೈತರ ಮುಂದೆ ಆಡಿದ ಮಾತುಗಳ ಬರಹರೂಪ)



ಈ ಸಾರಿ ನನಗೆ ಕೊಟ್ಟಿರುವ ವಿಷಯ ಬೆಲೆಯದ್ದಲ್ಲ, ಸಾಲ ವಸೂಲಿಯದ್ದೂ ಅಲ್ಲ. ಬೀಳು ಬಿದ್ದ ಜಮೀನನ್ನು ತರಕಾರಿಗೆ ಹಸನು ಮಾಡೋದು ಹೆಂಗೆ ಅಂತ ಹೇಳಬೇಕಂತೆ. ಇದು ಇಲಾಖೆಯವರ ಕೆಲಸ, ಸಂಘದವನಿಗೆ ಯಾಕೆ ಎಂದು ನೀವು ಕೇಳಬಹುದು. ಹೊಸ ಹೊಲ ಮಾಡಲು ಹೋಗಿಯೇ ಸಾಲಕ್ಕೆ ಬಿದ್ದವರನ್ನು ನಾನೂ ನೋಡಿದ್ದೇನೆ, ನೀವೂ ನೋಡಿದ್ದೀರಿ. ಅದಕ್ಕೇ ಒಪ್ಪಿಕೊಂಡೆ.

ಎಂಥ ಹೊಲ ಅಂತೀರಿ? ದರಖಾಸ್ತಿನಲ್ಲಿ ಮಂಜೂರಾದ ಎರಡೆಕರೆ. ಅಣ್ಣತಮ್ಮಂದಿರು ಭಾಗ ಆದಾಗ ಬಂದ ಮೂಲೆ ತುಂಡು. ಮಕ್ಕಳು ಬೆಂಗಳೂರಿಗೋ ಬಳ್ಳಾರಿಗೋ ದುಡಿಯಲು ಹೋದ ಮೇಲೆ ಹತ್ತು ವರ್ಷ ನೇಗಿಲು ಕಾಣದ ಹೊಲ. ಒಳಗೆ ಕಾಲಿಟ್ಟರೆ ಜಾಲಿ, ಬದುವಿನ ಮೇಲೆ ಕಾಂಗ್ರೆಸ್ ಗಿಡ, ನಡುವೆ ಗರಿಕೆ ಮತ್ತು ಜೇಕು. ಇಂಥದ್ದಕ್ಕೆ ಮನಸ್ಸು ಮಾಡಿದ ರೈತ ಮೊದಲ ತಿಂಗಳು ಜೆಸಿಬಿ ಕರೆಸುತ್ತಾನೆ. ಎರಡನೇ ತಿಂಗಳು ಬೋರ್‌ವೆಲ್ ಲಾರಿ. ಮೂರನೇ ತಿಂಗಳು ನರ್ಸರಿಯಿಂದ ಹೈಬ್ರಿಡ್ ಟೊಮ್ಯಾಟೊ ಸಸಿ, ಆಮೇಲೆ ಗೊಬ್ಬರದ ಅಂಗಡಿಯ ಖಾತೆ. ಕಾಯಿ ಕೀಳುವ ಹೊತ್ತಿಗೆ ಮಂಡಿಯಲ್ಲಿ ದರ ಕೇಳಿ ತಲೆ ಮೇಲೆ ಕೈ ಇಟ್ಟುಕೊಂಡು ಕೂರುತ್ತಾನೆ.

1980ರ ನರಗುಂದ-ನವಲಗುಂದದ ನಂತರ, ಸಾಲ ವಸೂಲಿಗೆ ಬರುವವರು ಅಪ್ಪಣೆ ಇಲ್ಲದೆ ಊರೊಳಗೆ ಬರಕೂಡದು ಅಂತ ಊರ ಬಾಗಿಲಲ್ಲಿ ಬೋರ್ಡು ನೆಟ್ಟವರು ನಮ್ಮ ಚಳವಳಿಯ ರೈತರು. ಆ ಬೋರ್ಡು ವಸೂಲಿಗಾರನನ್ನು ತಡೆದೀತು. ಬೋರ್‌ವೆಲ್ ಲಾರಿಯನ್ನು ನಾವೇ ಮುಂದೆ ನಿಂತು ದಾರಿ ತೋರಿಸಿ ಒಳಗೆ ಕರೆತಂದರೆ ಬೋರ್ಡು ಏನು ಮಾಡೀತು?

ಆದ್ದರಿಂದ ನಾನು ಹೇಳುವುದು ಒಂದೇ. ಬೀಳು ಹೊಲಕ್ಕೆ ಮೊದಲ ವರ್ಷ ಮೈ ದುಡಿಮೆ ಹಾಕಿ, ಸಾಲ ಹಾಕಬೇಡಿ. ಎರಡೆಕರೆ ಇದ್ದರೂ ಹತ್ತೇ ಗುಂಟೆಯಿಂದ ಶುರು ಮಾಡಿ. ಹಾಕಿದ ದುಡಿಮೆಯನ್ನು ಬರೆದಿಡಿ.

ಗುದ್ದಲಿ ಹಿಡಿಯುವ ಮೊದಲು ಕಾಗದ ನೋಡಿ. ಬಗರ್ ಹುಕುಂ ಸಾಗುವಳಿಗೆ ನಮೂನೆ 50, ಆಮೇಲೆ 53, 2018ರಲ್ಲಿ 57 ಅಂತ ಮೂರು ಸುತ್ತು ಅರ್ಜಿ ಹಾಕಿದ ಜನ ನಾವು. ಮಂಜೂರಾದವರಲ್ಲೂ ಪೋಡಿ ಆಗದವರು ಬೇಕಾದಷ್ಟು ಮಂದಿ. ಪಹಣಿಯಲ್ಲಿ ಹೆಸರು ಐತಾ, ಪೋಡಿ ಆಗೈತಾ, ಹದ್ದುಬಸ್ತು ಮಾಡಿಸಿ ಕಲ್ಲು ನೆಟ್ಟಿದ್ದೀರಾ? ಇಲ್ಲದಿದ್ದರೆ ನೀವು ಜಾಲಿ ಕಿತ್ತು ಹಸನು ಮಾಡಿದ ಮೇಲೆ ಪಕ್ಕದವನಿಗೆ ತನ್ನ ಗಡಿ ನೆನಪಾಗುತ್ತದೆ. ಇನ್ನೊಂದು ಮಾತು. ಸಹಕಾರ ಸಂಘಗಳ ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸುತ್ತೇವೆ ಎಂದು 2023ರ ರಾಜ್ಯ ಬಜೆಟ್ಟಿನಲ್ಲಿ ಹೇಳಿದರು. ಸಂತೋಷ. ಆದರೆ ಕಾಗದ ಸರಿ ಇಲ್ಲದ ರೈತ ಸಂಘದ ಮೆಟ್ಟಿಲು ಹತ್ತಿ ಹಾಗೇ ಇಳಿಯಬೇಕು. ಅವನಿಗೆ ಉಳಿಯುವುದು ನೂರಕ್ಕೆ ಮೂರರ ಕೈಸಾಲ.

ಈಗ ಹೊಲಕ್ಕೆ ಬರೋಣ. ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಒಂದು ಗಿಡ ಇದ್ದಲ್ಲಿ ಹತ್ತು ಚಿಗುರು ಬರುತ್ತವೆ. ಅದರ ಜೀವ ಇರೋದು ಬುಡದಲ್ಲಿ, ಮಣ್ಣಿನ ಸ್ವಲ್ಪ ಕೆಳಗೆ. ಸುತ್ತ ಒಂದಡಿ ಆಳ ಅಗೆದು ಬುಡಸಮೇತ ಕತ್ತರಿಸಿ ತೆಗೆಯಬೇಕು. ಮಳೆ ಬಿದ್ದು ನೆಲ ನೆನೆದಾಗ ಹಾರೆ ಸಲೀಸಾಗಿ ಇಳಿಯುತ್ತದೆ, ಬೇಸಿಗೆಯಲ್ಲಿ ಕೈ ಬೊಬ್ಬೆ ಬರುವುದೊಂದೇ ಲಾಭ. ಜೆಸಿಬಿ ಬೇಡವೇ ಬೇಡ ಎನ್ನುವ ಹಟ ನನಗಿಲ್ಲ. ತೊಡೆ ದಪ್ಪದ ಬೊಡ್ಡೆ ನಾಲ್ಕಾರು ಇದ್ದರೆ ಅವನ್ನು ಕೀಳಿಸಿ. ಆದರೆ ಬಕೆಟ್ಟಿನಲ್ಲಿ ಇಡೀ ಹೊಲ ಕೆರೆಸಬೇಡಿ. ನಮ್ಮದು ಕೆಂಪು ಮಸಬು ನೆಲ, ಸಾರ ಇರೋದೆಲ್ಲ ಮೇಲಿನ ಒಂದು ಗೇಣಿನಲ್ಲಿ. ಅದನ್ನು ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು ಬೇರಿನ ಜೊತೆ ಮೂಲೆಗೆ ಗುಡ್ಡೆ ಹಾಕಿಸಿ, ಕೆಳಗಿನ ಗರಸಿನಲ್ಲಿ ಬದನೆ ಬೆಳೆಯುತ್ತೇನೆ ಅಂದರೆ ಆಗುತ್ತಾ?

ಕಡಿದ ಜಾಲಿಯನ್ನು ಸುಡಬೇಡಿ. ದಪ್ಪದ್ದು ಸೌದೆಗೆ, ಇದ್ದಿಲಿಗೆ ಹೋಗುತ್ತದೆ. ಹೊಸ ಹೊಲದ ಮೊದಲ ಫಸಲು ಅದೇ ಅನ್ನಿ. ಮುಳ್ಳುಕೊಂಬೆ ಬೇಲಿಗೆ ಆಯಿತು. ಆ ಒಣ ಬೇಲಿ ಎರಡು ವರ್ಷ ತಡೆಯುವುದರೊಳಗೆ ಅದರ ಬುಡದಲ್ಲಿ ಕತ್ತಾಳೆ, ಕಳ್ಳಿ ನೆಟ್ಟುಕೊಂಡರೆ ಜೀವಂತ ಬೇಲಿ ಎದ್ದು ನಿಲ್ಲುತ್ತದೆ.

ಕಾಂಗ್ರೆಸ್ ಗಿಡವನ್ನು ಹೂವು ಬಿಡುವ ಮೊದಲೇ ಕಿತ್ತು ತಿಪ್ಪೆಗೆ ಹಾಕಿ. ಹೂ ಬಿಟ್ಟದ್ದನ್ನು ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ಬೀಜವೂ ಹೊಲಕ್ಕೆ ಬರುತ್ತದೆ. ಬರಿಗೈಯಲ್ಲಿ ಕೀಳಬೇಡಿ, ತುರಿಕೆ ಹತ್ತೀತು. ಗರಿಕೆ, ಜೇಕುಗಳದ್ದು ಬೇರೆಯೇ ರಗಳೆ. ರೋಟವೇಟರ್ ಹೊಡೆಸಿದರೆ ಹೊಲ ರವೆ ಆದಂತೆ ಕಾಣುತ್ತದೆ, ಕಣ್ಣಿಗೆ ಚೆಂದ. ಆದರೆ ಅದು ಗರಿಕೆಯನ್ನು ಗೆಣ್ಣುಗೆಣ್ಣು ಕತ್ತರಿಸಿ ಬಿತ್ತಿದ ಹಾಗೆ. ಬೇಸಿಗೆಯಲ್ಲಿ ನೇಗಿಲು ಆಳಕ್ಕೆ ಹೂಡಿ ಹೆಂಟೆ ಎಬ್ಬಿಸಿ ಬಿಡಿ, ನಮ್ಮ ಬಿಸಿಲು ಪುಕ್ಕಟೆ ಕೂಲಿ ಮಾಡುತ್ತದೆ. ಬೇರು ಒಣಗಿದ ಮೇಲೆ ಹರಗಿ, ಆರಿಸಿ ಹೊರಗೆ ಹಾಕಿ. ಭರಣಿ, ಕೃತ್ತಿಕೆ ಮಳೆಗೆ ಮತ್ತೆ ಹುಟ್ಟುತ್ತದೆ, ಹುಟ್ಟಲಿ. ಎಳೆಯದಿದ್ದಾಗ ಇನ್ನೊಮ್ಮೆ ಕುಂಟೆ ಹೊಡೆಯಿರಿ. ಜೇಕಿನ ಗೆಡ್ಡೆ ಮಾತ್ರ ಒಂದು ವರ್ಷಕ್ಕೆ ಸೋಲುವುದಿಲ್ಲ, ಯಾರಾದರೂ ಸೋಲಿಸುತ್ತೇನೆ ಅಂದರೆ ನಂಬಬೇಡಿ. ಕಳೆ ಸುಡುವ ಗ್ಲೈಫೋಸೇಟ್ ಔಷಧಿಯ ಬಳಕೆಗೆ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವೇ ನಿರ್ಬಂಧ ಹಾಕಿತು. ಅಂಗಡಿಯವನು ಕೊಟ್ಟ ಅಂತ ಮನೆಯವರು ತಿನ್ನುವ ಸೊಪ್ಪಿನ ಮಡಿಗೆ ಅದನ್ನು ಹೊಡೆಯೋದು ಬ್ಯಾಡ.

ಮಣ್ಣಿನ ಮಾದರಿಯನ್ನು ಗೊಬ್ಬರ ಹಾಕುವ ಮುಂಚೆಯೇ ತೆಗೆಯಿರಿ. ಎಂಟು ಹತ್ತು ಕಡೆ ಒಂದು ಗೇಣು ಆಳದ ಗುಂಡಿ ತೋಡಿ, ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದು ಪದರ ಕೆರೆದು ಬುಟ್ಟಿಗೆ ಹಾಕಿ. ಎಲ್ಲ ಸೇರಿಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಸಾಡುತ್ತ ಹೋದರೆ ಕೊನೆಗೆ ಅರ್ಧ ಕಿಲೋ ಉಳಿಯುತ್ತದೆ. ನೆರಳಲ್ಲಿ ಆರಿಸಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಮಣ್ಣಿಗೆ ಬೇಡದ ಗೊಬ್ಬರದ ಚೀಲ ಕೊಳ್ಳುವುದು ತಪ್ಪಿದರೆ ಅಷ್ಟು ಸಾಲ ತಪ್ಪಿತು.

ತರಕಾರಿಗೆ ಎಕರೆಗೆ ಹತ್ತು ಟನ್ ತಿಪ್ಪೆಗೊಬ್ಬರ ಹಾಕಬೇಕು ಎನ್ನುತ್ತಾರೆ. ಎತ್ತಿನಗಾಡಿಗೆ ಅರ್ಧ ಟನ್ ಹಿಡಿದರೆ ಇಪ್ಪತ್ತು ಗಾಡಿ. ದನಗಳನ್ನು ಮಾರಿಕೊಂಡ ಮನೆಯಲ್ಲಿ ಇಪ್ಪತ್ತು ಗಾಡಿ ಎಲ್ಲಿ ಬರಬೇಕು? ಹತ್ತು ಗುಂಟೆಗಾದರೆ ಐದು ಗಾಡಿ ಸಾಕು, ಅದು ಹೊಂದಿಸಬಹುದಾದ ಮಾತು. ನಮ್ಮ ಸೀಮೆಯಲ್ಲಿ ಕುರಿಗೆ ಬರ ಇಲ್ಲ, ಮಂದೆ ನಿಲ್ಲಿಸಿಕೊಳ್ಳಿ. ಒಂದು ಎಚ್ಚರಿಕೆ ಮಾತ್ರ. ಕುರಿಗಳು ಜಾಲಿಕಾಯಿ ತಿಂದು ಬಂದಿದ್ದರೆ ಹಿಕ್ಕೆಯ ಜೊತೆ ಬೀಜವನ್ನೂ ಹಾಕಿ ಹೋಗುತ್ತವೆ. ಮಳೆ ಬಿದ್ದ ಮೇಲೆ ಎರಡೆಲೆಯ ಜಾಲಿಸಸಿಯನ್ನು ಬೆರಳಲ್ಲೇ ಕೀಳಬಹುದು. ಆರು ತಿಂಗಳು ಬಿಟ್ಟರೆ ಮತ್ತೆ ಹಾರೆ ಬೇಕು.

ಗೊಬ್ಬರ ಸಾಲದ ಜಾಗಕ್ಕೆ ರೋಹಿಣಿಯಲ್ಲೋ ಮೃಗಶಿರದಲ್ಲೋ ಸೆಣಬು ಚೆಲ್ಲಿ, ಸಿಗದಿದ್ದರೆ ಹುರುಳಿ. ನಲವತ್ತೈದು ದಿನಕ್ಕೆ ಹೂವಿನ ಹಂತದಲ್ಲಿ ಉತ್ತು ಮಣ್ಣಿಗೆ ಸೇರಿಸಿದರೆ ಎರಡು ಮೂರು ವಾರದಲ್ಲಿ ಕೊಳೆತು ಗೊಬ್ಬರ. ಹುರುಳಿ ಚೆನ್ನಾಗಿ ಎದ್ದಿದೆ, ಕಾಳು ಬಿಡಿಸಿಕೊಳ್ಳೋಣ ಅಂತ ಆಸೆ ಆಗುತ್ತದೆ. ಈ ಒಂದು ವರ್ಷ ಹೊಲಕ್ಕೆ ಬಿಡ್ರಪ್ಪ. ಶೇಂಗಾ ಸಿಪ್ಪೆ ನಮ್ಮಲ್ಲಿ ಸಿಗುತ್ತದೆ. ಗಿಡದ ಬುಡಕ್ಕೆ ಮೇಲೆ ಹರಡಿದರೆ ತೇವ ಹಿಡಿಯುತ್ತದೆ. ಹಸಿ ಸಿಪ್ಪೆಯನ್ನು ಹಾಗೇ ಉತ್ತು ಒಳಗೆ ಸೇರಿಸಿದರೆ ಮಾತ್ರ ಅದು ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಂಡು ಗಿಡ ಹಳದಿಗಟ್ಟುತ್ತದೆ.

ನೀರಿನ ಮಾತು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆಯ ಸೀಮೆ ನಮ್ಮದು, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನದು. ಭದ್ರಾ ಮೇಲ್ದಂಡೆಗೆ 5,300 ಕೋಟಿ ಅಂತ 2023ರ ಕೇಂದ್ರ ಬಜೆಟ್ಟಿನಲ್ಲಿ ಓದಿದರು. ಆ ನೀರಿಗಾಗಿ ಹೋರಾಡೋಣ, ಬಂದ ದಿನ ಆರತಿ ಎತ್ತೋಣ. ಅದನ್ನು ನಂಬಿ ಇವತ್ತು ಸಾಲ ಎತ್ತಬೇಡಿ. ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. ಹತ್ತು ಗುಂಟೆಗೆ ಒಂದಂಗುಲ ನೀರು ನಿಲ್ಲಿಸಬೇಕಾದರೆ 25,000 ಲೀಟರು ಬೇಕು. ಐದು ಸಾವಿರ ಲೀಟರಿನ ಟ್ಯಾಂಕರು ಐದು. ಹೀಗೆ ಟ್ಯಾಂಕರು ಕೊಂಡು ತರಕಾರಿ ಬೆಳೆದವನು ಉದ್ಧಾರ ಆಗಿದ್ದು ನಾನು ಕಂಡಿಲ್ಲ. ಮೇಲೆ ಮೂವತ್ತಡಿ ಉದ್ದಗಲ, ತಳದಲ್ಲಿ ಹತ್ತಡಿ, ಹತ್ತಡಿ ಆಳದ ಹೊಂಡ ತೆಗೆದರೆ ಸುಮಾರು ಒಂದು ಲಕ್ಷ ಇಪ್ಪತ್ತು ಸಾವಿರ ಲೀಟರು ಹಿಡಿಯುತ್ತದೆ. ಇಂಗಿ ಆರಿ ಹೋಗುವುದನ್ನು ಕಳೆದರೂ ಹಸ್ತ, ಚಿತ್ತೆ ಕೈಕೊಟ್ಟಾಗ ಎರಡು ಮೂರು ಸಾರಿ ಪ್ರಾಣ ಉಳಿಸುವ ನೀರು ಅದು. ಬದು ಹಾಕಿ, ಇಳಿಜಾರಿಗೆ ಅಡ್ಡ ಉಳುಮೆ ಮಾಡಿದರೆ ಬಿದ್ದ ಮಳೆಯ ಬಹುಪಾಲು ನಮ್ಮಲ್ಲೇ ನಿಲ್ಲುತ್ತದೆ. ಕೊಳವೆಬಾವಿ ಬೇಡ ಎಂದಲ್ಲ. ಹೊಲ ಒಂದೆರಡು ಬೆಳೆ ಕೊಟ್ಟು ತನ್ನ ಖರ್ಚು ತಾನು ಹೊತ್ತ ಮೇಲೆ ಆ ಮಾತು. ನೀರು ಬೀಳುತ್ತದೋ ಇಲ್ಲವೋ ಗೊತ್ತಿಲ್ಲದ ತೂತಿಗೆ ಮೊದಲ ವರ್ಷವೇ ಮನೆಯವರ ಕೊರಳಿನದನ್ನು ಅಡ ಇಡಬೇಡಿ.

ಏನು ಹಾಕಬೇಕು? ಹುಬ್ಬೆ, ಉತ್ತರೆ ಮಳೆಗೆ ಅಲಸಂದೆ, ಗೋರಿಕಾಯಿ, ಅವರೆ, ಬೆಂಡೆ, ಬೇಲಿಗೆ ಹೀರೆ, ಕುಂಬಳ. ಅಲಸಂದೆ, ಗೋರಿಕಾಯಿ, ಅವರೆ ಒಣ ತಡೆಯುತ್ತವೆ, ಮಣ್ಣಿಗೂ ಸಾರಜನಕ ಸೇರಿಸುತ್ತವೆ. ಬೀಜ ತಾಯಂದಿರ ಮಡಕೆಯಲ್ಲಿ ಬೂದಿಯೊಳಗೆ ಇದ್ದೇ ಇರುತ್ತದೆ. ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಕೇಳಿ ತನ್ನಿ, ಮುಂದಿನ ವರ್ಷ ಹಿಂದಿರುಗಿಸಿ. ಬದನೆ, ಮೆಣಸಿನಕಾಯಿ ಒಂದೊಂದು ಸಾಲು ಇರಲಿ. ನಾವು ರೈತರೇ ಸಂತೆಗೆ ಹೋಗಿ ಚೀಲ ಹಿಡಿದು ತರಕಾರಿ ಕೊಳ್ಳುವ ಕಾಲ ಬಂದಿದೆ. ವಾರಕ್ಕೆ ಎಷ್ಟು ಕೊಡುತ್ತೀರಿ, ಐವತ್ತೆರಡು ವಾರಕ್ಕೆ ಗುಣಿಸಿ ನೋಡಿ. ಹತ್ತು ಗುಂಟೆಯ ಮೊದಲ ಆದಾಯ ಆ ಹಣ ಮನೆಯಲ್ಲೇ ಉಳಿಯುವುದು.

ಟೊಮ್ಯಾಟೊ ಯಾಕೆ ಬೇಡ? 2023ರ ಜುಲೈನಲ್ಲಿ ಕಿಲೋ ನೂರು ದಾಟಿತು. ಪೇಪರು, ಟಿವಿ ಎಲ್ಲ ಟೊಮ್ಯಾಟೊ ಕೋಟ್ಯಧೀಶರದ್ದೇ ಕಥೆ. ಅದನ್ನು ನೋಡಿ ಸಸಿ ನೆಟ್ಟವರ ಕಾಯಿ ಬರುವಷ್ಟರಲ್ಲಿ, ಸೆಪ್ಟೆಂಬರಿಗೆ, ರಸ್ತೆಗೆ ಸುರಿಯುವ ದರ ಆಗಿತ್ತು. ಈರುಳ್ಳಿ ನೋಡಿ. ಅದೇ ವರ್ಷ ಆಗಸ್ಟಿನಲ್ಲಿ ರಫ್ತಿನ ಮೇಲೆ ಶೇ. 40 ಸುಂಕ, ಡಿಸೆಂಬರಿನಲ್ಲಿ ಪೂರ್ತಿ ರಫ್ತು ನಿಷೇಧ. ಅದು ತೆರವಾದದ್ದು 2024ರ ಮೇ ತಿಂಗಳಲ್ಲಿ. ನಮ್ಮ ಚಳ್ಳಕೆರೆ ಸೀಮೆಯ ಈರುಳ್ಳಿಯ ದರ ದೆಹಲಿಯ ಒಂದು ಸಹಿಯಲ್ಲಿ ಕೂತಿದೆ. ಶೇಂಗಾಕ್ಕೆ 2025-26ಕ್ಕೆ ಕ್ವಿಂಟಾಲಿಗೆ 7,263 ರೂಪಾಯಿ ಬೆಂಬಲ ಬೆಲೆ ಅಂತ ಕಾಗದದಲ್ಲಾದರೂ ಇತ್ತು. ಖರೀದಿ ಕೇಂದ್ರ ಯಾವಾಗ ತೆರೆಯುತ್ತಾರೆ ಅನ್ನೋದು ಬೇರೆ ಪುರಾಣ. ತರಕಾರಿಗೆ ಆ ಕಾಗದವೂ ಇಲ್ಲ.

ಒಂದು ಲಕ್ಷ ಕೈಸಾಲ, ನೂರಕ್ಕೆ ಮೂರು ಅಂದರೆ ವರ್ಷಕ್ಕೆ 36,000 ಬಡ್ಡಿ. ಕಿಲೋ ಆರು ರೂಪಾಯಿಗೆ ಮಾರಿದರೆ 15 ಕಿಲೋ ಬಾಕ್ಸಿಗೆ 90. ಕೀಳುವ ಕೂಲಿ, ಬಾಕ್ಸಿನ ಬಾಡಿಗೆ, ಲಾರಿ ಸೇರಿ 50 ಹೋದರೆ ಉಳಿದದ್ದು 40. ಬಡ್ಡಿಗೇ 900 ಬಾಕ್ಸು, ಹದಿಮೂರೂವರೆ ಟನ್ ಬೇಕು. ನಿನ್ನೆ ಮೊನ್ನೆ ಜಾಲಿ ಕಿತ್ತ ಹೊಲದಲ್ಲಿ ಅಷ್ಟು ಯಾರು ತೆಗೆದಾರು? ತೆಗೆದರೂ ಅಸಲು ಅಲ್ಲಾಡಲಿಲ್ಲ. ಇದರ ಮೇಲೆ ಕಮಿಷನ್ ಕಡಿತ. ಕಾಯ್ದೆ ಪ್ರಕಾರ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ರೈತನಲ್ಲ. ಬಿಳಿ ಚೀಟಿಯಲ್ಲಿ ಲೆಕ್ಕ ಬರೆದುಕೊಟ್ಟರೆ ತೆಗೆದುಕೊಳ್ಳಬೇಡಿ, ರಸೀದಿ ಕೇಳಿ. ಒಬ್ಬರೇ ಕೇಳಿದರೆ ಮಾಲು ಪಕ್ಕಕ್ಕಿಡುತ್ತಾರೆ, ಹತ್ತು ಜನ ಕೂಡಿ ಹೋಗಿ.

ಇನ್ನು ದುಡಿಮೆಯ ಲೆಕ್ಕ. ಬೆಲೆ ಉತ್ಪಾದನಾ ವೆಚ್ಚದ ಮೇಲೆ ಕನಿಷ್ಠ ಅರ್ಧದಷ್ಟು ಹೆಚ್ಚಿರಬೇಕು ಎಂದು ಸ್ವಾಮಿನಾಥನ್ ಆಯೋಗ 2006ರಲ್ಲೇ ಹೇಳಿತು. ಆ ವೆಚ್ಚದಲ್ಲಿ ನೀವು ಜಾಲಿ ಕಿತ್ತ ದಿನಗಳು ಎಲ್ಲಿವೆ? ನಿಮ್ಮ ಮನೆಯಾಕೆ ಗರಿಕೆ ಆರಿಸಿದ ದಿನಗಳು ಎಲ್ಲಿವೆ? ಬೀಳು ನೆಲವನ್ನು ಹೊಲ ಮಾಡಿದ ಶ್ರಮ ಯಾವ ದರಪಟ್ಟಿಯಲ್ಲೂ ಬರುವುದಿಲ್ಲ, ಏಕೆಂದರೆ ನಾವು ಬರೆದಿಟ್ಟಿಲ್ಲ. ಅಧಿಕಾರಿಯ ಮುಂದೆ ಬೆಲೆ ಕೇಳಲು ನಿಂತಾಗ, ಎಷ್ಟು ಖರ್ಚಾಯಿತಯ್ಯ ಎಂದರೆ ಸುಮಾರು ಇಷ್ಟು ಸ್ವಾಮಿ ಅನ್ನುತ್ತೇವೆ. ಆ ಸುಮಾರಿನಲ್ಲೇ ನಾವು ಸೋಲುವುದು.

ನೂರು ಪುಟದ ಒಂದು ನೋಟ್ ಪುಸ್ತಕ ತನ್ನಿ. ಯಾವ ದಿನ, ಎಷ್ಟು ಆಳು, ಗಂಡಾಳೆಷ್ಟು ಹೆಣ್ಣಾಳೆಷ್ಟು, ಮನೆಯವರೆಷ್ಟು ಕೂಲಿಯವರೆಷ್ಟು, ಎಷ್ಟು ಗಾಡಿ ಗೊಬ್ಬರ. ಶಾಲೆಗೆ ಹೋಗುವ ಮಗಳ ಕೈಲಿ ರಾತ್ರಿ ಊಟದ ಮುಂಚೆ ಬರೆಸಿ. ಮನೆಯವರ ದುಡಿಮೆಗೂ ಊರಿನ ಕೂಲಿ ದರವನ್ನೇ ಹಾಕಿಸಿ, ಹೆಣ್ಣಾಳು ಅಂತ ಕಡಿಮೆ ಬರೆಸಬೇಡಿ. ಭರಣಿ ಮಳೆಗೆ ಮುಂಚೆ ಮಣ್ಣಿನ ಮಾದರಿ ಕೊಟ್ಟು ಬನ್ನಿ, ಪೋಡಿ ಆಗದವರು ಪಹಣಿ ತೆಗೆದುಕೊಂಡು ಬಂದರೆ ಅರ್ಜಿಯನ್ನು ಇಲ್ಲೇ ಕೂತು ಬರೆಯೋಣ. ಹಿಂಗಾರು ಮುಗಿದ ಮೇಲೆ ಎಲ್ಲರ ನೋಟ್ ಪುಸ್ತಕ ಒಂದು ಕಡೆ ಇಟ್ಟು ಕೂಡಿಸೋಣ. ತಹಸೀಲ್ದಾರರ ಮುಂದೆ ಹೋಗುವಾಗ ಅವನ್ನೇ ಹೊತ್ತುಕೊಂಡು ಹೋಗೋಣ.