ನಾನು ಕಂಡ ನಾಲ್ಕು ಚಿತ್ರಗಳು

ಚಲಚ್ಚಿತ್ರಗಳ ವಿಷಯವಾಗಿ ಮಾತನಾಡಲು ಕನ್ನಡ ಪಂಡಿತನಿಗೆ ಏನು ಅಧಿಕಾರವೆಂದು ಕೆಲವರಾದರೂ ಕೇಳಬಹುದು. ಟಿಕೇಟು ಕೊಂಡು, ಕೊನೆಯವರೆಗೆ ಕುಳಿತು ನೋಡಿ ಬಂದವನ ಅಧಿಕಾರವಷ್ಟೇ ನನ್ನದು. ರೈಲ್ವೆ ಗೇಟನ್ನೂ ಅಶೋಕ ಟಾಕೀಸಿನ ಹೆಸರಿನಿಂದಲೇ ಗುರುತಿಸುವ ಊರು ದಾವಣಗೆರೆ. ಅದಕ್ಕೆ ಸುಮಾರು ೧೪ ಕಿಲೋಮೀಟರು ದೂರದಲ್ಲಿ ನಮ್ಮ ಹರಿಹರ. ಈ ಎರಡು ಊರುಗಳಲ್ಲಿ ಸಿನಿಮಾ ನೋಡದೆ ಬೆಳೆದವರು ವಿರಳ. ಛಾಯಾಗ್ರಹಣ, ಸಂಕಲನ ಮೊದಲಾದವುಗಳ ಗುಣದೋಷಗಳನ್ನು ಬಲ್ಲವರು ಹೇಳಲಿ. ನಾನು ಕಣ್ಣಿನಷ್ಟೇ ಕಿವಿಯನ್ನೂ ತೆರೆದಿಟ್ಟುಕೊಂಡು ನೋಡುವವನು. ಪಾತ್ರಗಳು ಆಡುವ ಮಾತು ಅವು ಹುಟ್ಟಿದ ಮಣ್ಣಿನದೋ, ಬೇರೆ ಯಾರೋ ಬರೆದು ಬಾಯಿಗೆ ತುರುಕಿದ್ದೋ ಎಂಬುದು ನನ್ನ ಮೊದಲ ಪ್ರಶ್ನೆ. ಈಚೆಗೆ ನೋಡಿದ ನಾಲ್ಕು ಕನ್ನಡ ಚಿತ್ರಗಳಿಗೆ ಈ ಪ್ರಶ್ನೆಯನ್ನು ಹಾಕಿ, ನನಗೆ ತೋರಿದ್ದನ್ನು ನಿಮ್ಮ ಮುಂದಿಡುತ್ತೇನೆ. ಇವುಗಳಲ್ಲಿ ಒಂದೆರಡು ಎರಡನೆಯ ಸಲ ನೋಡಿದವು.

ಮೊದಲನೆಯದು ೨೦೨೩ರಲ್ಲಿ ತೆರೆಕಂಡ 'ಡೇರ್‌ಡೆವಿಲ್ ಮುಸ್ತಫಾ'. ಪೂರ್ಣಚಂದ್ರ ತೇಜಸ್ವಿಯವರ ಸಣ್ಣಕತೆಯನ್ನು ಶಶಾಂಕ್ ಸೋಗಾಲ್ ಚಿತ್ರವಾಗಿಸಿದ್ದಾರೆ. ತೇಜಸ್ವಿಯವರ ಓದುಗರೇ ಹಣ ಕೂಡಿಸಿ ಇದನ್ನು ನಿರ್ಮಿಸಿದರೆಂಬುದು ಕನ್ನಡದ ಓದುಗರಿಗೆ ಹೆಮ್ಮೆಯ ಸಂಗತಿ. ಅಬಚೂರಿನ ಕಾಲೇಜಿನ ತರಗತಿಗೆ ಒಬ್ಬ ಮುಸ್ಲಿಂ ಹುಡುಗ ಬಂದು ಸೇರುತ್ತಾನೆ. ಅವನನ್ನು ಕಾಣುವ ಮೊದಲೇ ಉಳಿದ ಹುಡುಗರು ಅವನ ಬಗೆಗೆ ನೂರು ಕತೆ ಕಟ್ಟಿಕೊಂಡಿರುತ್ತಾರೆ. ಕಲ್ಪಿಸಿಕೊಂಡ ಮನುಷ್ಯನಿಗೂ ಕಣ್ಣೆದುರಿನ ಮನುಷ್ಯನಿಗೂ ಇರುವ ಅಂತರವೇ ಇಲ್ಲಿಯ ಹಾಸ್ಯದ ಮೂಲ. ಉಪದೇಶಕ್ಕೆ ಎಷ್ಟೊಂದು ಅವಕಾಶವಿದ್ದರೂ ಚಿತ್ರವು ನಗುವಿನ ದಾರಿಯನ್ನೇ ಹಿಡಿದಿದೆ. ಮೂಲದ ಮಿತಭಾಷಿತ್ವ ಮಾತ್ರ ಸ್ವಲ್ಪ ಸಡಿಲವಾಗಿದೆ. ತೇಜಸ್ವಿ ಒಂದು ವಾಕ್ಯದಲ್ಲಿ ಚುಚ್ಚಿ ಮುಂದೆ ಹೋಗುವ ಕಡೆ ಚಿತ್ರ ನಿಂತು ಕುಣಿಯುತ್ತದೆ. ಹಾಗಿದ್ದರೂ ನೋಡಿ ಬಂದ ನನ್ನ ವಿದ್ಯಾರ್ಥಿಗಳಲ್ಲಿ ಮೂವರು ಮರುದಿನವೇ ಗ್ರಂಥಾಲಯದಲ್ಲಿ ಆ ಪುಸ್ತಕವನ್ನು ಕೇಳಿದರು. ಕತೆಯಿಂದ ಹುಟ್ಟಿದ ಚಿತ್ರಕ್ಕೆ ಇದಕ್ಕಿಂತ ಹೆಚ್ಚಿನ ಸಾರ್ಥಕ್ಯ ಬೇಕೆ?

ಎರಡನೆಯದು ೨೦೨೨ರ 'ಕಾಂತಾರ'. ರಿಷಬ್ ಶೆಟ್ಟಿ ಬರೆದು, ನಿರ್ದೇಶಿಸಿ, ನಟಿಸಿದ ಈ ಚಿತ್ರವನ್ನು ನೋಡದವರನ್ನು ಹುಡುಕಬೇಕು. ಕರಾವಳಿಯ ದೈವಾರಾಧನೆ, ಕಂಬಳ, ಅರಸನು ಕೊಟ್ಟ ನೆಲ, ಅದರ ಮೇಲೆ ಧಣಿಯ ಕಣ್ಣು, ಅರಣ್ಯ ಇಲಾಖೆಯ ಬೇಲಿ, ಇವೆಲ್ಲ ಒಂದೇ ಹೆಣಿಗೆಯಲ್ಲಿ ಸೇರಿವೆ. ಕರಾವಳಿಯ ಆಡುಗನ್ನಡವನ್ನು ಇಷ್ಟು ಧೈರ್ಯವಾಗಿ ಬಳಸಿದರೆ ಬಯಲುಸೀಮೆಯವರಿಗೆ ಅರ್ಥವಾದೀತೇ ಎಂದು ಯಾರಾದರೂ ಅಂಜಬಹುದಿತ್ತು. ನಮಗೇನೂ ತೊಡಕಾಗಲಿಲ್ಲ. ಕೊನೆಯಲ್ಲಿ ದೈವವು ಊರವರ ಕೈಗಳನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಒಟ್ಟುಗೂಡಿಸುವ ಸನ್ನಿವೇಶ ಸನ್ನೆಗಳಿಂದಲೇ ನಡೆಯುತ್ತದೆ. ಮಾತು ಎಲ್ಲಿ ನಿಲ್ಲಬೇಕೆಂಬುದನ್ನು ಬಲ್ಲವನೇ ಮಾತಿನ ಬೆಲೆ ಬಲ್ಲವನು. ಒಂದು ಕೊರತೆಯನ್ನು ಹೇಳಲೇಬೇಕು. ಅರಣ್ಯ ರಕ್ಷಕಿಯಾಗುವ ಲೀಲಾ ಎಂಬ ಹುಡುಗಿ ತನ್ನ ಸಮವಸ್ತ್ರಕ್ಕೂ ತನ್ನ ಜನಕ್ಕೂ ನಡುವೆ ಸಿಕ್ಕಿಕೊಂಡಿದ್ದಾಳೆ. ಇಡೀ ಕತೆಯ ಸಂಕಟವೇ ಅವಳೊಬ್ಬಳ ಎದೆಯಲ್ಲಿತ್ತು. ಅದನ್ನು ಚಿತ್ರವು ಮುಟ್ಟಿ ಹಾಗೆಯೇ ಬಿಟ್ಟುಬಿಟ್ಟಿತು. ಹೊಡೆದಾಟಕ್ಕೆ ಕೊಟ್ಟ ಹೊತ್ತಿನಲ್ಲಿ ನಾಲ್ಕು ನಿಮಿಷ ಅವಳಿಗೆ ಸಂದಿದ್ದರೆ ರಸಪುಷ್ಟಿಯಾಗುತ್ತಿತ್ತೆಂದು ನನ್ನ ಅಭಿಪ್ರಾಯ.

ಮೂರನೆಯದು ೨೦೨೫ರ ಜುಲೈಯಲ್ಲಿ ಬಂದ 'ಸು ಫ್ರಮ್ ಸೋ'. ಹೆಸರು ಕೇಳಿ ಮೂಗು ಮುರಿದಿದ್ದೆ. ಸೋಮೇಶ್ವರದ ಸುಲೋಚನಾ ಎಂಬುದು ಅದರ ವಿಸ್ತಾರವೆಂದು ತಿಳಿದಾಗ ನಗು ಬಂತು. ಜೆ. ಪಿ. ತುಮಿನಾಡು ಇದರ ನಿರ್ದೇಶಕರು, ಅಶೋಕನೆಂಬ ತರುಣನ ಪಾತ್ರಧಾರಿಗಳೂ ಅವರೇ. ಈ ಅಶೋಕನ ಮೈಮೇಲೆ ಸುಲೋಚನೆ ಬಂದಿದ್ದಾಳೆಂದು ಊರಿಗೆ ಊರೇ ನಂಬುತ್ತದೆ. ದೊಡ್ಡ ನಾಯಕನಟರ ಆಸರೆಯಿಲ್ಲದೆ, ಬಾಯಿಂದ ಬಾಯಿಗೆ ಹಬ್ಬಿದ ಮಾತಿನಿಂದಲೇ ಇದು ಜನರನ್ನು ಚಿತ್ರಮಂದಿರಕ್ಕೆ ಕರೆತಂದಿತು. ಇಲ್ಲಿಯ ಜನರ ಕನ್ನಡಕ್ಕೆ ತುಳುವಿನ ನಡಿಗೆಯಿದೆ. ಅವರು 'ಎಂತ ಮಾರಾಯ' ಎನ್ನುವಾಗ ಕಲಿತು ಒಪ್ಪಿಸಿದಂತೆ ಕೇಳುವುದಿಲ್ಲ. ಗದ್ದಲ ಕೆಲವೆಡೆ ಅತಿಯಾಯಿತು. ಆದರೆ ಸುಲೋಚನೆಯ ಮಗಳು ಕಾಣಿಸಿಕೊಂಡ ಮೇಲೆ ನಗುತ್ತಿದ್ದವರು ಒಮ್ಮೆಗೇ ಸುಮ್ಮನಾಗುತ್ತಾರೆ. ಕಾಣದ ಹೆಂಗಸಿನ ದೆವ್ವಕ್ಕೆ ಹೆದರುವ ಗಂಡಸರು ಕಣ್ಣೆದುರಿನ ಹೆಣ್ಣಿನ ಕಷ್ಟಕ್ಕೆ ಯಾವಾಗ ಕಿವಿಗೊಟ್ಟಾರು ಎಂಬ ಪ್ರಶ್ನೆ ನಗೆಯೊಳಗಿಂದಲೇ ಮೇಲೆದ್ದು ಬರುತ್ತದೆ.

ನಾಲ್ಕನೆಯದು ಕೊಂಚ ಹಳೆಯದಾದರೂ ನಾನು ಮತ್ತೆ ನೋಡಿದ 'ತಿಥಿ'. ರಾಮ್ ರೆಡ್ಡಿಯವರ ಈ ಚಿತ್ರಕ್ಕೆ ೨೦೧೫ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಮನ್ನಣೆ ದೊರೆಯಿತು. ೧೦೧ ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಅವನ ಹನ್ನೊಂದನೆಯ ದಿನದ ತಿಥಿಯೊಳಗೆ ಮಗ, ಮೊಮ್ಮಗ, ಮರಿಮಗ ಎಂಬ ಮೂರು ತಲೆಗಳ ಗುಣ ಬಯಲಾಗುತ್ತದೆ. ನಟಿಸಿದವರು ಬಹುಮಟ್ಟಿಗೆ ಮಂಡ್ಯದ ಕಡೆಯ ಹಳ್ಳಿಗರು. ಅವರ ಬೈಗುಳ ಕೇಳಿ ನನ್ನ ಮನೆಯವರು ಕಿವಿ ಮುಚ್ಚಿಕೊಂಡರು, ನಿಜ. ಆದರೆ ಆ ಮಾತುಗಳನ್ನು ತಿದ್ದಿದ್ದರೆ ಮನುಷ್ಯರನ್ನೂ ತಿದ್ದಿದಂತಾಗುತ್ತಿತ್ತು.

ಹೀಗೆ ಕುಂದಾಪುರ, ಮಂಗಳೂರು, ಮಲೆನಾಡು, ಮಂಡ್ಯ ಎಲ್ಲವೂ ತೆರೆಯ ಮೇಲೆ ತಮ್ಮ ತಮ್ಮ ದನಿಯಲ್ಲಿ ಮಾತನಾಡಿವೆ. ನಮ್ಮ ಸೀಮೆಯ ಗತಿಯೇನು? ಧಾರವಾಡಕ್ಕೂ ಮೈಸೂರಿಗೂ ನಡುವೆ ನಿಂತ ನಮ್ಮ ಮಾತು ಬಹುಕಾಲ ಸಿನಿಮಾದಲ್ಲಿ ನಗಿಸುವವನ ಪಾಲಿಗೆ ಬಿದ್ದಿತ್ತು. ೧೯೯೭ರ 'ನಾಗಮಂಡಲ'ದಂಥ ಚಿತ್ರಗಳು ಉತ್ತರದ ಆಡುನುಡಿಗೆ ಗಾಂಭೀರ್ಯವನ್ನು ತಂದುಕೊಟ್ಟವು. ಅಂಥವು ಬೆರಳೆಣಿಕೆಯವು. ನಮ್ಮಲ್ಲಿ ಸಾಮಗ್ರಿಗೆ ಬಡತನವಿಲ್ಲ. ಚಿಂದೋಡಿ ಲೀಲಾ ಅವರಂಥ ಕಲಾವಿದೆಯನ್ನು ಕೊಟ್ಟ ವೃತ್ತಿ ರಂಗಭೂಮಿಯ ತವರು ದಾವಣಗೆರೆ. ಅದೇ ಮನೆತನದ ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ 'ಗಾನಯೋಗಿ ಪಂಚಾಕ್ಷರಿ ಗವಾಯಿ' ಚಿತ್ರವು ಹಂಸಲೇಖ ಅವರಿಗೂ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ೧೯೯೫ರ ಸಾಲಿನ ರಾಷ್ಟ್ರಪ್ರಶಸ್ತಿಯನ್ನು ತಂದಿತು.

ಇದನ್ನು ಊರಿನ ಅಭಿಮಾನದಿಂದ ಹೇಳುತ್ತಿಲ್ಲ, ತರಗತಿಯ ಅನುಭವದಿಂದ ಹೇಳುತ್ತಿದ್ದೇನೆ. 'ಕಾಂತಾರ' ಬಂದ ದಿನಗಳಲ್ಲಿ ನಮ್ಮ ಶಾಲೆಯ ಹುಡುಗರು ಅಂಗಳದಲ್ಲಿ ಕುಂದಾಪುರದ ಕನ್ನಡವನ್ನು ಅನುಕರಿಸಿ ನಲಿದರು. ಅದೇ ಮಕ್ಕಳು ವೇದಿಕೆ ಹತ್ತಿದರೆ ಮನೆಯ ಮಾತನ್ನು ಹೊಸಿಲಾಚೆ ಬಿಟ್ಟು ಬರುತ್ತಾರೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ, 'ನಿಮ್ಮಜ್ಜಿ ಹೇಳಿದ ಕತೆಯನ್ನು ಅಜ್ಜಿಯ ಮಾತಿನಲ್ಲೇ ಹೇಳಮ್ಮ' ಎಂದೆ. ಅವಳು ತಲೆ ತಗ್ಗಿಸಿ, 'ಬ್ಯಾಡ್ರಿ ಸಾರ್, ನಮ್ ಮಾತು ಚಲೋ ಇಲ್ರಿ' ಎಂದಳು. ಹಾಗೆಂದು ಅವಳಿಗೆ ಹೇಳಿದವರು ಯಾರು? ಒಬ್ಬರೂ ಬಾಯಿಬಿಟ್ಟು ಹೇಳಿರಲಾರರು. ತನ್ನ ಮಾತು ಗೌರವದ ಸ್ಥಳದಲ್ಲಿ ಎಂದೂ ಕೇಳಿಸದಿದ್ದರೆ ಮಗು ತಾನಾಗಿಯೇ ಆ ತೀರ್ಮಾನಕ್ಕೆ ಬರುತ್ತದೆ.

ವ್ಯಾಕರಣ ಬೇಡವೆಂದು ನಾನು ಹೇಳುವವನಲ್ಲ. ಪತ್ರಕ್ಕೆ, ಪರೀಕ್ಷೆಗೆ, ಶಾಸ್ತ್ರಕ್ಕೆ ಗ್ರಂಥಭಾಷೆ ಬೇಕು. ಅದನ್ನು ಕಲಿಸುವುದೇ ನನ್ನ ವೃತ್ತಿ. ಆದರೆ ಕನ್ನಡದಲ್ಲಿ ದೇಸಿಗಳು ಹಲವೆಂಬುದನ್ನು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಗುರುತಿಸಿದೆ. ಒಂದೇ ವಿಗ್ರಹದಲ್ಲಿ ಹರಿಯನ್ನೂ ಹರನನ್ನೂ ಕಂಡು ೧೨೨೪ರಲ್ಲಿ ಗುಡಿ ಕಟ್ಟಿಸಿಕೊಂಡ ಊರಿನವನಿಗೆ, ಗ್ರಂಥದ ನುಡಿಯೂ ಮನೆಯ ನುಡಿಯೂ ಕೂಡಿ ಬಾಳಬಲ್ಲವೆಂಬುದು ಹೊಸ ಮಾತೇನಲ್ಲ.

ಆದುದರಿಂದ ಚಿತ್ರ ತೆಗೆಯುವ ತರುಣರಲ್ಲಿ ನನ್ನದೊಂದು ವಿನಂತಿ. ತುಂಗಭದ್ರೆಯ ದಂಡೆಯ ಜನ ಅಳುವಾಗಲೂ, ಪ್ರೀತಿಸುವಾಗಲೂ, ನ್ಯಾಯ ಕೇಳುವಾಗಲೂ ತಮ್ಮ ಮಾತಿನಲ್ಲೇ ಮಾತನಾಡುವ ಚಿತ್ರವೊಂದನ್ನು ಮಾಡಿರಿ. ಮೊದಲ ದಿನವೇ ಆ ಹುಡುಗಿಯನ್ನೂ ಅವಳ ಅಜ್ಜಿಯನ್ನೂ ಕರೆದುಕೊಂಡು ಬರುತ್ತೇನೆ, ಟಿಕೇಟಿನ ಹಣ ನನ್ನದು.