ಜೂನ್ ತಿಂಗಳ ಲೆಕ್ಕ

(ರಾಜಾಜಿನಗರದ ವಾರ್ಷಿಕ ಸಭೆಯಲ್ಲಿ ನಿವೃತ್ತ ಶಿಕ್ಷಕರು ಆಡಿದ ಮಾತು)



ಪಾಠದ ಟಿಪ್ಪಣಿ ಬರೆಯದೆ ನಾನು ಒಂದು ದಿನವೂ ತರಗತಿಗೆ ಹೋದವನಲ್ಲ. ಟ್ರಸ್ಟಿಗೆ ಹಣ ಕೂಡಿಸಲು ಮಾತ್ರ ಇಷ್ಟು ವರ್ಷ ಬರೀ ಬಾಯಿಮಾತಿನಲ್ಲೇ ಹೊರಟಿದ್ದೇವೆ.

2016ರಲ್ಲಿ ರಂಜಾನ್ ಜೂನ್‌ನಲ್ಲಿ ಬಂತು. ಜಕಾತ್ ಬರುವುದಕ್ಕೂ ಫೀಸು ಕಟ್ಟುವುದಕ್ಕೂ ಸರಿಹೋಯಿತು. ಆದರೆ ಚಾಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದು. 2025ರಲ್ಲಿ ರಂಜಾನ್ ಮಾರ್ಚ್‌ಗೆ ಸರಿದಿತ್ತು. ಈದ್‌ಗೆ ಮುಂಚೆಯೇ ಎಲ್ಲವನ್ನೂ ಹಂಚಿಬಿಟ್ಟೆವು. ಜೂನ್‌ನಲ್ಲಿ ಪಿಯುಸಿ ಪಾಸಾದ ಹುಡುಗಿಯೊಬ್ಬಳು ಅರ್ಜಿ ಹಿಡಿದು ಬಂದಾಗ ಕೈ ಖಾಲಿ. "ಮುಂದಿನ ವರ್ಷ ಬಾಮ್ಮ" ಎಂದವನು ನಾನೇ. ಅವಳು ಮತ್ತೆ ಬರಲಿಲ್ಲ.

ಅದಕ್ಕೇ ಈ ಹಾಳೆ ಬರೆದು ತಂದಿದ್ದೇನೆ. ಮೊದಲು ಖರ್ಚು: ಯಾವ ತಿಂಗಳು ಎಷ್ಟು ಮಕ್ಕಳಿಗೆ ಎಷ್ಟು ಬೇಕು. ಆಮೇಲೆ ಯಾರನ್ನು, ಯಾವಾಗ, ನಮ್ಮಲ್ಲಿ ಯಾರು ಹೋಗಿ ಕೇಳಬೇಕು. ಜಕಾತ್‌ಗೆ ಬೇರೆ ಕಾಲಂ. ಅದು ಹಕ್ಕುದಾರರಿಗೇ ಸೇರಬೇಕು. ರಸೀದಿ ಪುಸ್ತಕ, ಕರೆಂಟ್ ಬಿಲ್ಲು ಬೇರೆ ದೇಣಿಗೆಯಿಂದ. ಜಕಾತ್ ಹಣವನ್ನು ಜೂನ್‌ವರೆಗೆ ಇಟ್ಟುಕೊಳ್ಳಬಹುದೇ ಎಂಬುದನ್ನು ಉಲೇಮಾಗಳು ಹೇಳಲಿ, ನಾನು ಗಣಿತದ ಮೇಷ್ಟ್ರು. 2,000 ರೂಪಾಯಿ ಮೀರಿದ ನಗದಿಗೆ ತೆರಿಗೆ ರಿಯಾಯಿತಿ ಸಿಗದು. ದೊಡ್ಡ ಮೊತ್ತವನ್ನು ಚೆಕ್ಕಿನಲ್ಲೇ ಕೇಳಿ.

ಇಂಡಸ್ಟ್ರಿಯಲ್ ಟೌನಿನ ವರ್ಕ್‌ಶಾಪ್‌ಗಳಲ್ಲಿ ದುಡಿಯುವವರನ್ನು ನಾವು ಕೇಳಿಯೇ ಇಲ್ಲ. ಒಮ್ಮೆಗೇ ದೊಡ್ಡ ಮೊತ್ತ ಅವರಿಂದ ಆಗದು, ತಿಂಗಳಿಗೆ ನೂರು ಕೊಟ್ಟಾರು. ಆ ಹಣ ಜೂನ್‌ಗೆಂದೇ ಇರಲಿ.

ಹಾಳೆಯ ಹಿಂದೆ ಹೆಸರು ಬರೆಯಲು ಜಾಗವಿದೆ. ಮೊದಲ ಸಾಲಿನಲ್ಲಿ ನನ್ನ ಪಿಂಚಣಿಯಿಂದ ತಿಂಗಳಿಗೆ 500 ಬರೆದಿದ್ದೇನೆ. ಪೆನ್ನನ್ನು ಆ ಕಡೆಯಿಂದ ಕಳಿಸುತ್ತಾ ಬನ್ನಿ.