ಮಗು ಹಾಸಿಗೆ ಹಿಡಿದಾಗ

1902ರ ಮಾತು. ದಕ್ಷಿಣ ಆಫ್ರಿಕಾದಿಂದ ಮರಳಿದ್ದ ಮೋಹನದಾಸ ಗಾಂಧಿ ಮುಂಬಯಿಯಲ್ಲಿ ವಕೀಲಿ ನಡೆಸಲೆಂದು ಗಿರ್‌ಗಾಂವ್‌ನಲ್ಲಿ ಮನೆ ಹಿಡಿದಿದ್ದರು. ಆ ಮನೆ ಹೊಕ್ಕು ಇನ್ನೂ ಹೆಚ್ಚು ದಿನ ಆಗಿರಲಿಲ್ಲ, ಎರಡನೆಯ ಮಗ ಮಣಿಲಾಲ ಹಾಸಿಗೆ ಹಿಡಿದ. ಹತ್ತರ ಹುಡುಗ. ಹಿಂದೊಮ್ಮೆ ಸಿಡುಬಿನಿಂದ ಬಳಲಿ ಬದುಕಿಕೊಂಡವನು. ಈಗ ಟೈಫಾಯ್ಡ್, ಅದರ ಜೊತೆಗೆ ನ್ಯುಮೋನಿಯಾ. ರಾತ್ರಿಯಾದರೆ ಸನ್ನಿಯ ಲಕ್ಷಣ.

ಪಾರ್ಸಿ ಡಾಕ್ಟರೊಬ್ಬರು ಬಂದು ನೋಡಿದರು. ಈ ಜ್ವರಕ್ಕೆ ಔಷಧಿ ಅಷ್ಟಾಗಿ ತಾಗುವುದಿಲ್ಲ, ಹುಡುಗನಿಗೆ ಮೊಟ್ಟೆ ಮತ್ತು ಕೋಳಿಯ ಸಾರು ಕೊಟ್ಟರೆ ಚೇತರಿಸಿಕೊಳ್ಳಬಹುದು ಎಂದರು. ಡಾಕ್ಟರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಟೈಫಾಯ್ಡ್‌ಗೆ ನಾಟುವ ಮೊದಲ ಔಷಧಿ ಕ್ಲೋರಾಂಫೆನಿಕಾಲ್ ಕೈಗೆ ಸಿಕ್ಕಿದ್ದು 1948ರ ಹೊತ್ತಿಗೆ. ಅಲ್ಲಿಯವರೆಗೆ ರೋಗಿ ಉಳಿಯುವುದೂ ಅಳಿಯುವುದೂ ಅವನ ಮೈಯ ಕಸುವು ಮತ್ತು ಮನೆಯವರ ಆರೈಕೆಯ ಮೇಲೆ ನಿಂತಿತ್ತು.

ಗಾಂಧಿಯವರದು ಸಸ್ಯಾಹಾರದ ಮನೆ. ಜೀವ ಉಳಿಸಿಕೊಳ್ಳುವುದಕ್ಕೂ ಒಂದು ಮಿತಿ ಇರಬೇಕು ಎಂಬುದು ಅವರ ನಂಬಿಕೆ. ಮೊಟ್ಟೆಯೂ ಬೇಡ, ಸಾರೂ ಬೇಡ ಎಂದುಬಿಟ್ಟರು. ನೀರಿನ ಚಿಕಿತ್ಸೆಯನ್ನು ತಾವೇ ಮಾಡುವುದಾಗಿ ಹೇಳಿದರು. ಆದರೆ ಡಾಕ್ಟರನ್ನು ಮನೆಯಿಂದ ಆಚೆ ಕಳಿಸಲಿಲ್ಲ. ನಾಡಿ, ಎದೆ ನೋಡುವ ವಿದ್ಯೆ ತನಗೆ ತಿಳಿಯದು, ಆಗಾಗ ಬಂದು ಪರೀಕ್ಷಿಸಿ ಹುಡುಗ ಹೇಗಿದ್ದಾನೆಂದು ಹೇಳಿ ಎಂದು ಕೇಳಿಕೊಂಡರು. ಆ ಡಾಕ್ಟರೂ ದೊಡ್ಡ ಮನಸ್ಸಿನವರು, ಒಪ್ಪಿದರು.

ಮುಂದಿನದನ್ನು ಗಾಂಧಿ ತಮ್ಮ ಆತ್ಮಕಥೆಯಲ್ಲಿ ಒಂದು ಅಧ್ಯಾಯವಾಗಿ ಬರೆದಿದ್ದಾರೆ. ಕೂನೆ ಎಂಬ ಜರ್ಮನ್ ಪ್ರಕೃತಿ ಚಿಕಿತ್ಸಕನ ಕ್ರಮದಂತೆ ಮಗನನ್ನು ತೊಟ್ಟಿಯ ನೀರಿನಲ್ಲಿ ಕೂರಿಸುತ್ತಿದ್ದರು, ಒಂದು ಸಲಕ್ಕೆ ಮೂರು ನಿಮಿಷ ಮೀರದಂತೆ. ಮೂರು ದಿನ ನೀರು ಬೆರೆಸಿದ ಕಿತ್ತಳೆ ರಸ ಬಿಟ್ಟರೆ ಬೇರೇನೂ ಕೊಡಲಿಲ್ಲ. ಜ್ವರ ಮಾತ್ರ ಜಗ್ಗಲಿಲ್ಲ. 104 ಡಿಗ್ರಿಗೆ ಹೋಗಿ ನಿಂತಿತು.

ಆಗ ಅಪ್ಪನ ಎದೆ ನಡುಗಿತು. ನಾಲ್ಕು ಜನ ಏನೆಂದಾರು? ಊರಲ್ಲಿರುವ ಅಣ್ಣ ಏನೆಂದಾನು? ಇನ್ನೊಬ್ಬ ಡಾಕ್ಟರನ್ನು ಕರೆಸಬಹುದಿತ್ತಲ್ಲ, ವೈದ್ಯರನ್ನಾದರೂ ಕೇಳಬಹುದಿತ್ತಲ್ಲ? ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಅವರೇ ಹಾಕಿಕೊಂಡರು: ತಮ್ಮ ತಲೆಗೆ ಹೊಳೆದ ಪ್ರಯೋಗಗಳನ್ನು ಮಕ್ಕಳ ಮೇಲೆ ಹೇರಲು ಹೆತ್ತವರಿಗೆ ಯಾವ ಹಕ್ಕಿದೆ?

ಈ ಕತೆಯನ್ನು ಭಕ್ತಿಯ ವಿಜಯ ಎಂದು ಹೇಳುವವರು ಸಾಮಾನ್ಯವಾಗಿ ಈ ಪ್ರಶ್ನೆಯನ್ನು ದಾಟಿ ಹೋಗುತ್ತಾರೆ. ವ್ರತ ಅಪ್ಪನದು, ಪಣಕ್ಕೆ ಬಿದ್ದದ್ದು ಮಗನ ಜೀವ. ಮಗನನ್ನು ಕೇಳಿದ್ದು ನಿಜ, ಮೊಟ್ಟೆ ಬೇಡವೆಂದು ಅವನು ಹೇಳಿದ್ದೂ ನಿಜ. ತಾವು ಕೊಟ್ಟಿದ್ದರೆ ಹುಡುಗ ತಿಂದೇಬಿಡುತ್ತಿದ್ದ ಎಂದು ಅದೇ ಪುಟದಲ್ಲಿ ಗಾಂಧಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಒಂದು ರಾತ್ರಿ ಅವರು ಕೊನೆಯ ಪ್ರಯತ್ನಕ್ಕೆ ಇಳಿದರು. ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿ, ತಲೆಯೊಂದನ್ನು ಬಿಟ್ಟು ಹುಡುಗನ ಮೈಗೆಲ್ಲ ಸುತ್ತಿದರು. ಮೇಲೆ ಎರಡು ಕಂಬಳಿ, ಹಣೆಯ ಮೇಲೆ ಒದ್ದೆ ಟವೆಲ್ಲು. ಮೈ ಕಾದ ಕಬ್ಬಿಣದಂತೆ ಸುಡುತ್ತಿತ್ತು, ಬೆವರಿನ ಸುಳಿವಿಲ್ಲ. ಸೋತುಹೋಗಿದ್ದ ಗಾಂಧಿ ಮಗನನ್ನು ಕಸ್ತೂರಬಾ ಅವರ ಕೈಗೊಪ್ಪಿಸಿ ಚೌಪಾಟಿಯ ಕಡೆ ನಡೆದರು. ರಾತ್ರಿ ಸುಮಾರು ಹತ್ತು ಗಂಟೆ, ಜನರ ಓಡಾಟ ವಿರಳ. ಬಾಯಲ್ಲಿ ರಾಮನಾಮ. ತನ್ನ ಮಾನ ಕಾಯುವವನು ಅವನೇ ಎಂಬ ಮೊರೆ. ಸ್ವಲ್ಪ ಹೊತ್ತಿಗೆ ಎದೆ ಡವಗುಟ್ಟುತ್ತಲೇ ಮನೆಗೆ ಮರಳಿದರು. ಒಳಗೆ ಹೋದರೆ ಮಗ ಎಚ್ಚರವಾಗಿದ್ದ. ಬಾಪೂ ಬಂದೆಯಾ ಎಂದ, ಮೈ ಉರಿಯುತ್ತಿದೆ, ಬಿಚ್ಚಿಬಿಡು ಎಂದು ಅಂಗಲಾಚಿದ. ಹಣೆ ಮುಟ್ಟಿ ನೋಡಿದರೆ ಬೆವರ ಹನಿ. ಇನ್ನೊಂದಿಷ್ಟು ಹೊತ್ತು ಮಾತಿನಲ್ಲಿ ಮರೆಸಿ, ಆಮೇಲೆ ಬಟ್ಟೆ ಬಿಚ್ಚಿ ಮೈ ಒರೆಸಿದರು. ಅಪ್ಪ ಮಗ ಒಂದೇ ಹಾಸಿಗೆಯಲ್ಲಿ ಸತ್ತಂತೆ ನಿದ್ದೆ ಹೋದರು.

ಕತೆ ಅಲ್ಲಿಗೆ ಮುಗಿಯಲಿಲ್ಲ. ನಲವತ್ತು ದಿನ ನೀರು ಬೆರೆಸಿದ ಹಾಲು ಮತ್ತು ಹಣ್ಣಿನ ರಸದಲ್ಲಿ ಹುಡುಗನನ್ನು ಸಾಕಬೇಕಾಯಿತು. ಅವನು ಉಳಿದದ್ದು ದೇವರ ದಯೆಯಿಂದಲೋ, ನೀರಿನ ಚಿಕಿತ್ಸೆಯಿಂದಲೋ, ಪಥ್ಯ ಮತ್ತು ಆರೈಕೆಯಿಂದಲೋ? ಯಾರು ಹೇಳಬಲ್ಲರು ಎಂದು ಗಾಂಧಿ ಆ ಪ್ರಶ್ನೆಯನ್ನು ತೆರೆದೇ ಬಿಟ್ಟರು. ತಮ್ಮ ಮಟ್ಟಿಗೆ ಅದು ದೇವರೇ ಎಂದರು, ಓದುವವರು ಅವರವರ ನಂಬಿಕೆಯಂತೆ ತಿಳಿಯಲಿ ಎಂದರು. ಮಣಿಲಾಲ ಮುಂದೆ ದಕ್ಷಿಣ ಆಫ್ರಿಕಾದಲ್ಲಿ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿ, 1956ರಲ್ಲಿ ತೀರಿಕೊಂಡರು.

ಇದಕ್ಕೆ ಅರ್ಧ ಶತಮಾನ ಮೊದಲು ಇಂಗ್ಲೆಂಡಿನಲ್ಲಿ ಇನ್ನೊಬ್ಬ ಅಪ್ಪ ಇದೇ ನೀರಿನ ಚಿಕಿತ್ಸೆಯನ್ನು ನಂಬಿ ಮಗಳನ್ನು ಕರೆದೊಯ್ದಿದ್ದ. ಆತ ಚಾರ್ಲ್ಸ್ ಡಾರ್ವಿನ್. ಮಗಳ ಹೆಸರು ಆ್ಯನಿ, ಅವಳಿಗೂ ಹತ್ತು ವರ್ಷ. ಮಾಲ್ವರ್ನ್ ಎಂಬ ಊರಿನಲ್ಲಿ ಡಾಕ್ಟರ್ ಗಲ್ಲಿಯವರ ಜಲಚಿಕಿತ್ಸೆಗೆ ಆಗ ದೊಡ್ಡ ಹೆಸರು. ಡಾರ್ವಿನ್ ಸ್ವತಃ ಅಲ್ಲಿ ಗುಣ ಕಂಡವರು. ಅಲ್ಲಿದ್ದಾಗಲೇ ಮಗಳಿಗೆ ಜ್ವರ ಏರಿತು, ವಾಂತಿ ಹತ್ತಿತು. ತಾಯಿ ಎಮ್ಮಾ ತುಂಬು ಗರ್ಭಿಣಿ, ದೂರದ ಡೌನ್ ಹಳ್ಳಿಯಿಂದ ಹೊರಡುವಂತಿರಲಿಲ್ಲ. ಹಾಸಿಗೆಯ ಪಕ್ಕ ಕೂತು ಅಪ್ಪ ದಿನವೂ ಕಾಗದ ಬರೆದರು. ಈ ಹೊತ್ತು ಇಷ್ಟು ಗಂಜಿ ಕುಡಿದಳು, ಇಷ್ಟು ಹೊತ್ತು ಮಲಗಿದಳು ಎಂಬಂಥ ಸಣ್ಣ ಸಣ್ಣ ವರದಿ. ಒಂದು ದಿನ ಆಸೆ, ಮರುದಿನ ಅದು ಕಮರಿದ ಸುದ್ದಿ. 1851ರ ಏಪ್ರಿಲ್ 23ರಂದು ಆ್ಯನಿ ತೀರಿಕೊಂಡಳು.

ಆ ಸಾವಿನಿಂದಲೇ ಡಾರ್ವಿನ್ನರ ದೈವನಂಬಿಕೆಯ ಕೊನೆಯ ಎಳೆ ಕಡಿಯಿತು ಎಂದು ಕೆಲವು ಚರಿತ್ರಕಾರರು ಹೇಳುತ್ತಾರೆ, ಅದಕ್ಕೂ ಮೊದಲೇ ಸಡಿಲವಾಗಿತ್ತು ಎನ್ನುವವರೂ ಇದ್ದಾರೆ. ಎಮ್ಮಾ ಮಾತ್ರ ಕೊನೆಯವರೆಗೂ ಚರ್ಚು, ಪ್ರಾರ್ಥನೆ ಬಿಡಲಿಲ್ಲ. ಮಗಳ ಬರೆಯುವ ಪೆಟ್ಟಿಗೆಯನ್ನೂ ಅದರೊಳಗಿನ ಚಿಕ್ಕಪುಟ್ಟ ವಸ್ತುಗಳನ್ನೂ ಜೀವವಿರುವ ತನಕ ಜೋಪಾನವಾಗಿ ಇಟ್ಟುಕೊಂಡಿದ್ದರು. ಇಬ್ಬರೂ ಕಳೆದುಕೊಂಡದ್ದು ಅದೇ ಮಗುವನ್ನು. ಗಂಡನ ನಂಬಿಕೆ ಒಂದು ದಾರಿ ಹಿಡಿಯಿತು, ಹೆಂಡತಿಯದು ಇನ್ನೊಂದು.

ಗಾಂಧಿಯ ಮಗ ಉಳಿದ, ಡಾರ್ವಿನ್ನರ ಮಗಳು ಉಳಿಯಲಿಲ್ಲ. ಇದರಿಂದ ಒಬ್ಬರ ಭಕ್ತಿ ಗಟ್ಟಿ, ಇನ್ನೊಬ್ಬರದು ಟೊಳ್ಳು ಎಂದು ಲೆಕ್ಕ ಹಾಕಿದರೆ ಮಗು ಕಳೆದುಕೊಂಡ ಪ್ರತಿಯೊಬ್ಬ ತಾಯಿಯನ್ನೂ ಕಟಕಟೆಯಲ್ಲಿ ನಿಲ್ಲಿಸಿದಂತಾಗುತ್ತದೆ. ಹರಕೆಯಲ್ಲಿ ಏನೋ ಲೋಪವಾಗಿರಬೇಕು ಎಂದು ಪಿಸುಗುಟ್ಟುವ ನೆಂಟರು ಮಾಡುವುದು ಇದನ್ನೇ. ಹೆತ್ತವರ ನಂಬಿಕೆಯನ್ನು ತೂಗಿ ನೋಡಬೇಕಾದದ್ದು ಫಲದಿಂದಲ್ಲ. ಅದು ಅವರ ಕೈಯಿಂದ ಏನು ಮಾಡಿಸಿತು, ತಿಳಿದವರ ಮಾತಿಗೆ ಎಷ್ಟು ಜಾಗ ಬಿಟ್ಟಿತು ಎಂಬುದು ಮುಖ್ಯ.

ಈ ಮಾತಿನ ಬೆಲೆ ಇವತ್ತು ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ತಿಳಿಯುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ 1940ರ ದಶಕದವರೆಗೂ ಮದ್ದೇ ಇರಲಿಲ್ಲ. 1948ರಲ್ಲಿ ಬಾಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ ಹದಿನಾರು ಮಕ್ಕಳಿಗೆ ಅಮಿನಾಪ್ಟೆರಿನ್ ಎಂಬ ಔಷಧಿ ಕೊಟ್ಟದ್ದನ್ನು ವರದಿ ಮಾಡಿದರು. ಹತ್ತು ಮಕ್ಕಳಲ್ಲಿ ರೋಗ ಕೆಲಕಾಲ ಹಿಂಜರಿಯಿತು. ಆ ಔಷಧಿ ಬಂದದ್ದು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ಪ್ರಯೋಗಾಲಯದಿಂದ. ಇವತ್ತು ಸರಿಯಾಗಿ ಚಿಕಿತ್ಸೆ ಪೂರೈಸಿದರೆ ಇಂಥ ಮಕ್ಕಳಲ್ಲಿ ಬಹುಪಾಲು ಗುಣವಾಗುತ್ತಾರೆ.

ತೊಡಕು ಇರುವುದು ಆ ‘ಪೂರೈಸಿದರೆ’ ಎಂಬಲ್ಲಿ. ಮೊದಲ ತಿಂಗಳ ಚಿಕಿತ್ಸೆಗೇ ಹೆಚ್ಚಿನ ಮಕ್ಕಳ ರಕ್ತದಲ್ಲಿ ರೋಗದ ಕಣಗಳು ಕಾಣದಾಗುತ್ತವೆ. ಮಗು ಎದ್ದು ಓಡಾಡುತ್ತದೆ, ಹಸಿವು ಅನ್ನುತ್ತದೆ. ದೇವರು ಕಣ್ಣು ಬಿಟ್ಟ, ಇನ್ಯಾಕೆ ಆಸ್ಪತ್ರೆ ಎಂದು ಊರಿಗೆ ಹೊರಟುಬಿಡುವ ಮನೆಗಳಿವೆ. ಬಸ್ಸಿನ ಖರ್ಚು, ಕೂಲಿ ತಪ್ಪುವುದು, ಊರಲ್ಲಿ ಬಿಟ್ಟುಬಂದ ಇನ್ನೊಂದು ಮಗು ಇವೂ ಎಳೆಯುತ್ತವೆ. ಆದರೆ ಚಿಕಿತ್ಸೆ ಎರಡರಿಂದ ಮೂರು ವರ್ಷದ್ದು. ನಡುವೆ ಬಿಟ್ಟರೆ ರೋಗ ಮರುಕಳಿಸುತ್ತದೆ, ಎರಡನೆಯ ಸಲ ಅದು ಇನ್ನೂ ಹಟಮಾರಿ.

ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗೆ ದೂರದ ಜಿಲ್ಲೆಗಳಿಂದ ಬರುವ ತಾಯಂದಿರು ಬೇಗ ಕಲಿಯುವ ಪದ ‘ಕೌಂಟ್’. ಕೌಂಟ್ ಇಳಿದಿದೆ ಎಂದರೆ ರಕ್ತದ ಬಿಳಿಕಣ ಕಡಿಮೆಯಾಗಿದೆ, ಸಣ್ಣ ಸೋಂಕೂ ಮಗುವಿನ ಜೀವಕ್ಕೆ ಎರವಾದೀತು ಎಂದರ್ಥ. ಆಗ ಹಸಿ ಹಣ್ಣಿನ ಪ್ರಸಾದ ಬೇಡ, ತೀರ್ಥ ಬೇಡ, ಹೂವೂ ಬೇಡ, ಜಾತ್ರೆಯ ನೂಕುನುಗ್ಗಲಂತೂ ಬೇಡವೇ ಬೇಡ. ಇದನ್ನು ಬಿಡಿಸಿ ಹೇಳಿದರೆ ಅಜ್ಜಿಯರು ಜಗಳಕ್ಕೆ ನಿಲ್ಲುವುದಿಲ್ಲ. ಮೊಮ್ಮಗುವಿನ ಪಾಲಿನ ತೀರ್ಥವನ್ನು ತಾವೇ ಕುಡಿದು, ಕುದಿಸಿ ಆರಿಸಿದ ನೀರನ್ನು ಮಗುವಿಗೆ ಕುಡಿಸುತ್ತಾರೆ.

ಮುಡಿ ಕೊಡುವ ಹರಕೆಯದು ಇನ್ನೊಂದು ಬಗೆ. ಮಾದಪ್ಪನಿಗೋ ಮಂಜುನಾಥನಿಗೋ ತಿಮ್ಮಪ್ಪನಿಗೋ ಮಗುವಿನ ಕೂದಲು ಒಪ್ಪಿಸುತ್ತೇವೆಂದು ಹೇಳಿಕೊಂಡಿರುತ್ತಾರೆ, ಅಷ್ಟರಲ್ಲಿ ಕೀಮೋದಿಂದ ಕೂದಲೆಲ್ಲ ಉದುರಿ ಹೋಗಿರುತ್ತದೆ. ಹಾಗಾದರೆ ಹರಕೆ ಯಾವಾಗ ತೀರಿಸುವುದು ಎಂಬ ಪ್ರಶ್ನೆ ಡಾಕ್ಟರ ಮುಂದೆಯೇ ಬರುತ್ತದೆ. ದಿನದ ಮಾತ್ರೆ, ವಾರದ ಮಾತ್ರೆಯೆಲ್ಲ ಮುಗಿದು, ಕೂದಲು ಒತ್ತಾಗಿ ಬೆಳೆದ ಮೇಲೆ ಹೋಗಿ ಬನ್ನಿ ಎಂದು ಡಾಕ್ಟರು ಹೇಳಿದರೆ ಆ ತಾಯಿ ಒಪ್ಪುತ್ತಾಳೆ. ಚಿಕಿತ್ಸೆ ಮುಗಿಯುವ ತಿಂಗಳನ್ನು ಫೈಲಿನ ರಟ್ಟಿನ ಮೇಲೆ ಬರೆಸಿಕೊಂಡು, ಹರಕೆಗೂ ಅದನ್ನೇ ಗೊತ್ತುಮಾಡಿ, ಮುಂದಿನ ರಕ್ತಪರೀಕ್ಷೆಯ ತಾರೀಖು ಕೇಳುತ್ತಾಳೆ.